ಎಡಗಿವಿಯ ಹಿಂದಿನ ತೀಟ

ಇಚಲಕರಂಜಿಯ ಧನಪಾಲ ಹೌಸಾಬಾಯಿಗೆ ಕೊಡಬೇಕಾದ ಕೂಲಿ ಒಂಬತ್ತು ಸಾವಿರದ ಮುನ್ನೂರ ನಲವತ್ತೆರಡು ರೂಪಾಯಿ. ಮೂಲದಲ್ಲಿ ಅದು ಒಂಬತ್ತು ಸಾವಿರದ ಮುನ್ನೂರ ಅರವತ್ತು ಇತ್ತು. ನಡುವೆ ಹದಿನೆಂಟು ರೂಪಾಯಿ ಬಂದಿದೆ, ಅದೂ ಧನಪಾಲನ ಕಿಸೆಯಿಂದಲ್ಲ. ಉಳಿದದ್ದಕ್ಕೆ ಬರುವ ದೀಪಾವಳಿಗೆ ಎರಡು ವರ್ಷ ತುಂಬುತ್ತದೆ.

ಲೆಕ್ಕ ಕಷ್ಟದ್ದಲ್ಲ. ಒಂದು ಗೊಂಬೆಯ ಮುಖ ಬರೆದರೆ ನಾಲ್ಕೂವರೆ ರೂಪಾಯಿ. ಮುಖ ಎಂದರೆ ಎರಡು ಕಣ್ಣು, ಎರಡು ಹುಬ್ಬು, ಒಂದು ಮೀಸೆ, ಹಣೆಗೆ ಒಂದು ಗಂಧದ ಗೆರೆ. ಹಾಗೆ ಎರಡು ಸಾವಿರದ ಎಂಬತ್ತು ಮುಖ. ನಂಬಿಕೆ ಇಲ್ಲದವರು ಗುಣಿಸಿ ನೋಡಿಕೊಳ್ಳಲಿ.

ಹೌಸಾಬಾಯಿಗೆ ಐವತ್ಮೂರು ವರ್ಷ. ಗಂಡ ಗಣಪತ ಲಾರಿಗಳ ಹಿಂದೆ ನಂಬರು, ಅಂಗಡಿಗಳ ಮುಂದೆ ಹೆಸರು ಬರೆಯುತ್ತಿದ್ದ ಪೇಂಟರ್. ಅವನು ಅಕ್ಷರದ ಅಂಚು ಎಳೆದು ಬೀಡಿ ಹಚ್ಚಿದರೆ, ಅಕ್ಷರದ ಹೊಟ್ಟೆ ತುಂಬಿಸುವವಳು ಇವಳು. ಮದುವೆಯಾದ ಐದನೆಯ ವರ್ಷಕ್ಕೆ ಅಂಚೂ ಇವಳೇ ಎಳೆಯತೊಡಗಿದಳು, ಬೀಡಿ ಮಾತ್ರ ಅವನದೇ ಉಳಿಯಿತು. ಮಗ್ಗದ ಕಾರ್ಮಿಕರ ಮೋರ್ಚಾ ಹೊರಟಾಗಲೆಲ್ಲ ಬೋರ್ಡುಗಳು ಇವಳ ಕೈಯಲ್ಲೇ ಆಗುತ್ತಿದ್ದವು. ಒಮ್ಮೆ ಫೌಜದಾರ ಆ ಬೋರ್ಡುಗಳನ್ನು ಕಸಿದುಕೊಂಡು ಹೋದ. ಮಾರನೆಯ ದಿನ ಅವನೇ ಹೇಳಿಕಳಿಸಿದ. ಅಕ್ಷರ ಚೆಂದ ಇವೆ, ಠಾಣೆಯ ನೀರಿನ ಟಾಕಿಯ ಮೇಲೆ ‘ಕುಡಿಯುವ ನೀರು’ ಎಂದು ಬರೆದುಕೊಡು ಎಂದ. ಬರೆದುಕೊಟ್ಟಳು. ಬಣ್ಣ ಒಣಗುವ ಮೊದಲೇ ಅವನ ಕೈಯಿಂದ ಕೂಲಿ ಎಣಿಸಿಕೊಂಡೇ ಟಾಕಿಯಿಂದ ಕೆಳಗಿಳಿದಳು. ಬಣ್ಣ ಒಣಗಲು ಬಿಟ್ಟದ್ದು ಧನಪಾಲನ ಹತ್ತಿರ ಮಾತ್ರ. ಅದೊಂದೇ ಅವಳು ಮಾಡಿದ ತಪ್ಪು.

ಆಮೇಲೆ ಸ್ಟಿಕರ್ ಬಂತು, ಬ್ಯಾನರ್ ಬಂತು, ಬ್ರಷ್ಷಿನ ಕೆಲಸ ಸತ್ತಿತು. ಗಣಪತ ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ತೆಗೆಯತೊಡಗಿದ. ಹೌಸಾಬಾಯಿ ಧನಪಾಲನ ಶೆಡ್ಡಿಗೆ ಹೋದಳು.

ಧನಪಾಲ ಕೆಟ್ಟವನಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕೂಲಿ ಬಾಕಿ ಇಟ್ಟುಕೊಂಡವರ ಬಗ್ಗೆ ಎಲ್ಲರೂ ಯಾವಾಗಲೂ ಹೀಗೇ ಹೇಳುತ್ತಾರೆ. ಅವನ ಅಪ್ಪ ನಡೆಸುತ್ತಿದ್ದ ಮಗ್ಗಗಳನ್ನು ಇವನು ತೂಕಕ್ಕೆ ಮಾರಿ, ಅದೇ ಶೆಡ್ಡಿನಲ್ಲಿ ಪ್ಲಾಸ್ಟಿಕ್ ಸಾಮಾನಿನ ಮಷೀನು ಹಾಕಿದ್ದ. ಮೊದಲು ಸೋಪಿನ ಡಬ್ಬಿ, ತಂಬಿಗೆ, ಇಲಿ ಹಿಡಿಯುವ ಬೋನು. ಕಡೆಗೆ ಪುಣೆಯ ಕಡೆಯ ಒಂದು ಕಂಪನಿಯಿಂದ ಬಂಡ್ಯಾ ಪೈಲವಾನನ ಕೆಲಸ ಸಿಕ್ಕಿತು.

ಬಂಡ್ಯಾ ಪೈಲವಾನ ಮೊಬೈಲಿನ ಒಂದು ಆಟದೊಳಗಿನ ಹುಡುಗ. ಕೆಂಪು ಲಂಗೋಟಿ, ಉಬ್ಬಿದ ಹೊಟ್ಟೆ, ಹಾಲು ಕುಡಿದ ಕೆನ್ನೆ, ಆ ಕೆನ್ನೆಗೆ ಹೊಂದದ ದೊಡ್ಡ ಮೀಸೆ. ಆಟ ಹೆಸರು ಮಾಡಿದ ಮೇಲೆ ಕಂಪನಿ ಅವನ ಗೊಂಬೆ ಮಾಡಿಸಿತು. ಆರು ಇಂಚು ಎತ್ತರ, ಪಾದದ ಕೆಳಗೆ ಮಿಂಚುವ ಸ್ಟಿಕರ್, ಕಿಟಕಿ ಇರುವ ಡಬ್ಬಿ, ಡಬ್ಬಿಯ ಮೇಲೆ ನಂಬರು. ಬೆಲೆ ಹದಿನೆಂಟುನೂರ ತೊಂಬತ್ತೊಂಬತ್ತು. ಅದರಲ್ಲಿ ಹೌಸಾಬಾಯಿಯ ನಾಲ್ಕೂವರೆ.

ಮೊದಲ ಲಾಟು ಸಾವಿರ ಗೊಂಬೆ. ಹೌಸಾಬಾಯಿ ಮುಖ ಬರೆದು ಮುಗಿಸಿದ ಮೇಲೆ ಬ್ರಷ್ಷಿನ ಹಿಂಬದಿಯನ್ನು ಕಪ್ಪು ಬಣ್ಣದಲ್ಲಿ ಅದ್ದಿ, ಎಡಗಿವಿಯ ಹಿಂದೆ ಒಂದು ಚುಕ್ಕಿ ಇಡುತ್ತಿದ್ದಳು. ಅದು ದೃಷ್ಟಿಬೊಟ್ಟು. ಅಲ್ಲಿಯ ಮರಾಠಿಯವರು ಅದಕ್ಕೆ ತೀಟ ಎನ್ನುತ್ತಾರೆ, ಕೇಳಿ ಕೇಳಿ ಕನ್ನಡದವರ ಬಾಯಿಗೂ ಅದೇ ಬಂದಿದೆ. ಇಷ್ಟು ಗುಂಡಗಿರುವ ಕೂಸನ್ನು ತೀಟ ಇಲ್ಲದೆ ಹೊಸ್ತಿಲು ದಾಟಿಸುವುದು ಅವಳಿಂದ ಆಗಲಿಲ್ಲ. ಕೆನ್ನೆಗೆ ಇಟ್ಟರೆ ಕಂಪನಿಯವರು ಬೈಯುತ್ತಾರೆ, ಕಿವಿಯ ಹಿಂದೆ ಯಾರು ನೋಡುತ್ತಾರೆ ಎಂದುಕೊಂಡಳು.

ನೋಡಿದವನು ಧನಪಾಲ.

“ಹೌಸಾಕ್ಕ, ಇದೇನ ಇದು ಕಪ್ಪಂದು?”

“ತೀಟ.”

“ಪ್ಲಾಸ್ಟಿಕ್ ಗೊಂಬಿಗೆ ಯಾರ ದೃಷ್ಟಿ ತಾಗತೈತಿ?”

“ನಿಮ್ದ ತಾಗತೈತಿ ಅಣ್ಣಾ. ಮುಂಜಾನಿಂದ ಎಷ್ಟ ಆದೂ ಎಷ್ಟ ಆದೂ ಅಂತ ನೋಡಾಕತ್ತೀರಿ.”

“ಸುಮ್ಮ ಬಣ್ಣಾ ದಂಡ.”

“ಚುಕ್ಕಿಗೆ ಕೂಲಿ ಹಚ್ಚೂದಿಲ್ಲ ಬಿಡ್ರಿ, ಪುಕ್ಕಟ ಇರ್ಲಿ.”

ಪುಕ್ಕಟೆ ಎಂದ ಮೇಲೆ ಧನಪಾಲನ ತಕರಾರು ಮುಗಿಯಿತು. ಕಂಪನಿಯಿಂದ ತಪಾಸಣೆಗೆ ಬಂದವನು ಗೊಂಬೆಗಳ ಮುಖ ನೋಡಿದ, ಹೊಟ್ಟೆ ಒತ್ತಿದ, ಚಹಾ ಕುಡಿದು ಸಹಿ ಹಾಕಿದ. ಸಾವಿರ ತೀಟಗಳು ಸಾವಿರ ಡಬ್ಬಿಗಳೊಳಗೆ ಕೂತು ಲೋಕ ನೋಡಲು ಹೋದವು. ಆ ಲಾಟಿನ ಕೂಲಿ ಪೂರ್ತಿ ಬಂತು, ಅದನ್ನು ಹೇಳಬೇಕು.

ಕೊಲ್ಲಾಪುರದಲ್ಲಿ ಗೊಂಬೆ ಕೂಡಿಡುವ ದೊಡ್ಡವರ ಒಂದು ಗುಂಪು ಇದೆ. ಮೂವತ್ತು ದಾಟಿದವರು, ಮನೆ ಮಠ ಇರುವವರು. ಅವರು ಗೊಂಬೆ ಆಡುವುದಿಲ್ಲ. ಡಬ್ಬಿಯನ್ನೂ ಬಿಚ್ಚುವುದಿಲ್ಲ, ಬಿಚ್ಚಿದರೆ ಬೆಲೆ ಅರ್ಧ. ಫೋನಿನಲ್ಲಿ ಫೋಟೋ ಹಾಕುತ್ತಾರೆ, ಬೆಲೆ ಹೇಳುತ್ತಾರೆ, ಒಬ್ಬರದು ಒಬ್ಬರು ನಕಲಿ ಎಂದು ಜಗಳಾಡುತ್ತಾರೆ. ಅವರ ಭಾಷೆಯಲ್ಲಿ ಜಗತ್ತು ಎರಡು ಭಾಗ: ಆಫಿಶಿಯಲ್ ಮತ್ತು ಅನ್‌ಆಫಿಶಿಯಲ್. ಕಂಪನಿಯ ಸ್ಟಿಕರ್ ಇದ್ದದ್ದು ಆಫಿಶಿಯಲ್. ಅದಿಲ್ಲದ್ದು, ಅದೇ ಅಚ್ಚಿನಿಂದ ಬಂದಿದ್ದರೂ, ಮೈಲಿಗೆ.

ಈ ಗುಂಪಿನ ಹಿರಿಯ ಸಮ್ಮೇದ. ಟೈಲ್ಸ್ ಅಂಗಡಿ ಅವನದು. ಅಂಗಡಿಯ ಮಹಡಿಯಲ್ಲಿ ಒಂದು ಕೋಣೆ ತುಂಬ ಗಾಜಿನ ಕಪಾಟು, ಕಪಾಟಿಗೆ ಕೀಲಿ, ಕೀಲಿ ಅವನ ಸೊಂಟಕ್ಕೆ. ಧೂಳು ಒರೆಸಲು ತಾಯಿ ರತ್ನಮಾಲಾ ಬಂದರೂ ಬಾಗಿಲಲ್ಲೇ ನಿಲ್ಲಿಸುತ್ತಾನೆ. ಹಲ್ಲಿನ ಡಾಕ್ಟರು ಬಾಯೊಳಗೆ ಹಾಕುವ ಚಿಕ್ಕ ಕನ್ನಡಿಯೊಂದನ್ನು ಕೊಂಡುತಂದಿದ್ದಾನೆ. ಡಬ್ಬಿ ಬಿಚ್ಚದೆ, ಮೂಲೆಯ ಸಂದಿಯಿಂದ ಆ ಕನ್ನಡಿ ತೂರಿಸಿ ಗೊಂಬೆಯ ಬೆನ್ನು ನೋಡುವುದು ಅವನ ಕಸಬುಗಾರಿಕೆ.

ಒಂದು ಭಾನುವಾರ ಆ ಕನ್ನಡಿಯಲ್ಲಿ ಬಂಡ್ಯಾನ ಎಡಗಿವಿಯ ಹಿಂದೆ ಚುಕ್ಕಿ ಕಂಡಿತು. ಇನ್ನೊಂದು ಡಬ್ಬಿ ನೋಡಿದ, ಅದರಲ್ಲೂ ಇತ್ತು. ಗುಂಪಿನವರಿಗೆ ಹೇಳಿದ, ಎಲ್ಲರೂ ಸಂದಿಗೆ ಕನ್ನಡಿ ತೂರಿಸಿದರು. ಎಲ್ಲರ ಗೊಂಬೆಗಳಲ್ಲೂ ಇತ್ತು. ಸಮ್ಮೇದ ಧನಪಾಲನ ನಂಬರು ಹುಡುಕಿ ಫೋನು ಮಾಡಿದ. ಶೆಡ್ಡಿನಲ್ಲಿ ಮೂರು ಮಷೀನು ಒಟ್ಟಿಗೆ ಗುರುಗುಟ್ಟುತ್ತಿದ್ದವು.

“ಕಿವಿ ಹಿಂದ ಒಂದ ಚುಕ್ಕಿ ಐತಲ್ರಿ, ಅದೇನ್ರಿ ಅದು?” ಎಂದು ಸಮ್ಮೇದ ಕೂಗಿದ.

“ತೀಟ, ತೀಟ,” ಎಂದು ಧನಪಾಲ ಕೂಗಿದ.

“ಟೀ? ಇಂಗ್ಲಿಷ್ ಟೀ?”

“ಹೂಂ ರೀ, ಹೂಂ,” ಎಂದ ಧನಪಾಲ. ಚಹಾ ಕುಡಿದಿರೇನು ಎಂದು ಕೇಳುತ್ತಿದ್ದಾನೆಂದು ತಿಳಿದಿದ್ದ.

ಸಂಜೆಯ ಹೊತ್ತಿಗೆ ಗುಂಪಿನಲ್ಲಿ ಅದು ‘ಟೀ ಮಾರ್ಕ್’ ಆಗಿತ್ತು. ಟೀ ಎಂದರೆ ಟೆಸ್ಟಿಂಗ್ ಎಂದರು ಕೆಲವರು. ಅಚ್ಚು ಟೋಕಿಯೋದಿಂದ ಬಂದಿರಬೇಕು, ಅದಕ್ಕೆ ಟೀ ಎಂದರು ಇನ್ನು ಕೆಲವರು. ಒಬ್ಬ ಇಂಜಿನಿಯರ್ ಚುಕ್ಕಿಯ ಅಳತೆ ತೆಗೆದು, ಎರಡು ಮಿಲಿಮೀಟರಿಗೆ ಕಡಿಮೆ ಇದ್ದರೆ ಅದು ಡೂಪ್ಲಿಕೇಟ್ ಎಂದು ಸಾರಿದ. ಸಮ್ಮೇದನನ್ನೂ ಸೇರಿಸಿ ಅವರಲ್ಲಿ ಪ್ರತಿಯೊಬ್ಬನೂ ತೊಟ್ಟಿಲಲ್ಲಿದ್ದಾಗ ಕಿವಿಯ ಹಿಂದೆ ತೀಟ ಹಚ್ಚಿಸಿಕೊಂಡವನೇ. ಒಬ್ಬನಿಗೂ ನೆನಪಾಗಲಿಲ್ಲ. ಟೀ ಮಾರ್ಕಿನ ಬಂಡ್ಯಾ ಮೂರು ಸಾವಿರಕ್ಕೆ ಹೋಯಿತು, ಐದಕ್ಕೆ ಹೋಯಿತು, ಏಳಕ್ಕೆ ನಿಂತಿತು.

ಅಷ್ಟರಲ್ಲಿ ಎರಡನೆಯ ಲಾಟು ತಯಾರಾಗಿತ್ತು. ಎರಡು ಸಾವಿರ, ಒಡೆದು ಹಾಳಾದದ್ದಕ್ಕೆಂದು ಮೇಲೆ ಎಂಬತ್ತು. ಈ ಸಲ ತಪಾಸಣೆಗೆ ಬಂದವನು ಹೊಸಬ, ನೌಕರಿಗೆ ಸೇರಿ ತಿಂಗಳಾಗಿತ್ತು. ಅವನು ಗೊಂಬೆಯನ್ನು ತಿರುಗಿಸಿ ನೋಡಿದ. ಕಾಗದದ ಮೇಲೆ ‘ಕಿವಿಯ ಹಿಂದೆ ಕಲೆ’ ಎಂದು ಬರೆದು ಇಡೀ ಲಾಟು ರಿಜೆಕ್ಟ್ ಮಾಡಿದ. ಕಂಪನಿ ಮೂರನೆಯ ಲಾಟನ್ನು ಬೇರೆ ಕಡೆ, ಮಷೀನಿನಲ್ಲಿ ಕಣ್ಣು ಅಚ್ಚು ಹಾಕಿಸಿ ಮಾಡಿಸಿತು. ಅವಕ್ಕೆ ಸ್ಟಿಕರ್ ಇತ್ತು, ಡಬ್ಬಿ ಇತ್ತು, ತೀಟ ಇರಲಿಲ್ಲ.

ಹೌಸಾಬಾಯಿ ಕೂಲಿ ಕೇಳಲು ಹೋದಾಗ ಧನಪಾಲ ಬರಿಗೈ ತೋರಿಸಿದ.

“ರಿಜೆಕ್ಟ್ ಮಾಲಿಗೆ ಎಲ್ಲಿ ಕೂಲಿ ಹೌಸಾಕ್ಕ? ನಿನ್ನ ಚುಕ್ಕಿ ಸಲವಾಗೇ ನಾ ಮುಳುಗೇನಿ.”

“ಚುಕ್ಕಿ ರಿಜೆಕ್ಟ ಅಂದ್ರ ಚುಕ್ಕಿದ ಕೂಲಿ ಕಡೀರಿ. ಅದು ಪುಕ್ಕಟ ಇತ್ತು. ಕಣ್ಣ ಏನ ಮಾಡಿದ್ದು? ಮೀಸಿ ಏನ ಮಾಡಿದ್ದು?”

“ಎಲ್ಲಾ ಪುಡಿ ಮಾಡಿ ಒಗದೇನಿ. ಕಂಪನಿ ಕಾಯ್ದೆ ಹಂಗ ಐತಿ. ಪುಡಿ ಆದ ಗೊಂಬಿಗೆ ಕೂಲಿ ಕೇಳತೀಯಲ್ಲ.”

ಪುಡಿಯಾದದ್ದಕ್ಕೆ ಕೂಲಿ ಕೇಳುವುದು ಹೇಗೆ ಎಂದು ಹೌಸಾಬಾಯಿಗೂ ಒಂದು ಗಳಿಗೆ ಅನ್ನಿಸಿತು. ಆ ಒಂದು ಗಳಿಗೆಯಲ್ಲಿ ಧನಪಾಲ ಸ್ಕೂಟರ್ ಹತ್ತಿ ಹೋಗಿದ್ದ. ಆಮೇಲೆ ಹೋದಾಗಲೆಲ್ಲ ಮುಂದಿನ ತಿಂಗಳು.

ಗಡಹಿಂಗ್ಲಜದ ಎಸ್‌ಟಿ ಸ್ಟ್ಯಾಂಡಿನ ಎದುರು ಗಣಪತನ ತಂಗಿ ಗೌರವ್ವನ ಕೈಗಾಡಿ ಇದೆ. ಬಾಚಣಿಕೆ, ಪಿನ್ನು, ಬಲೂನು, ಗೊಂಬೆ. ಒಂದು ಸಂತೆಯ ದಿನ ಹೌಸಾಬಾಯಿ ಅವಳನ್ನು ನೋಡಿಬರಲು ಹೋದಳು. ಬಸ್ಸಿನಿಂದ ಇಳಿದು ರಸ್ತೆ ದಾಟಿದರೆ, ಗಾಡಿಯ ತುಂಬ ಬಂಡ್ಯಾಗಳು ಸಾಲಾಗಿ ನಿಂತು ಅವಳನ್ನೇ ನೋಡುತ್ತಿದ್ದವು. ಕಣ್ಣು ತನ್ನವೇ, ಮೀಸೆ ತನ್ನದೇ. ಒಂದನ್ನು ಎತ್ತಿ ಕಿವಿ ತಿರುಗಿಸಿದಳು. ತೀಟ ಇತ್ತು.

“ಗೌರಿ, ಇವು ಎಲ್ಲಿಂದ ಬಂದೂ?”

“ಗುಜರಿ ಅಂವಾ ಕೊಟ್ಟ ವೈನಿ. ಇಚಲಕರಂಜಿ ಮಾಲ ಅಂತ. ಇಪ್ಪತ್ತರಂಗ ಮುನ್ನೂರ ತಗೊಂಡೇನಿ. ನೂರಾ ಇಪ್ಪತ್ತಕ್ಕ ಹೊಂಟಾವು. ಡಬ್ಬಿ ಇಲ್ಲದ್ದು ನೋಡು, ಅದಕ್ಕ ಸ್ವಸ್ತಾ.”

ಗೌರವ್ವನಿಗೆ ಆಫಿಶಿಯಲ್ ಗೊತ್ತಿಲ್ಲ. ಅವಳಿಗೆ ಗೊತ್ತಿರುವುದು ಡಬ್ಬಿ ಇದ್ದದ್ದು, ಡಬ್ಬಿ ಇಲ್ಲದ್ದು.

“ಧನಪಾಲ ಪುಡಿ ಮಾಡೇನಿ ಅಂದಿದ್ದ,” ಎಂದಳು ಹೌಸಾಬಾಯಿ.

“ಪುಡೀನ. ನೋಡು, ಮೀಸಿ ತಿರುವಿಕೊಂಡ ನಿಂತೈತಿ ಪುಡಿ.”

ಇಬ್ಬರೂ ನಗುತ್ತಿದ್ದಾಗಲೇ ಗಾಡಿಯ ಮುಂದೆ ಒಬ್ಬ ಹೆಂಗಸು ಬಂದು ನಿಂತಳು. ಮೃಣಾಲ, ಕೊಲ್ಲಾಪುರದ ಕಾಲೇಜೊಂದರಲ್ಲಿ ಭೂಗೋಳ ಕಲಿಸುವವಳು, ಅದೇ ಗೊಂಬೆ ಗುಂಪಿನವಳು. ಆದರೆ ಸಮ್ಮೇದನ ಕಡುವೈರಿ. ಅವಳು ಕೂಡಿಡುವುದೇ ಅನ್‌ಆಫಿಶಿಯಲ್. ಸಂತೆ, ಜಾತ್ರೆ, ಬಸ್‌ಸ್ಟ್ಯಾಂಡು ಸುತ್ತಿ, ಕಣ್ಣು ಸೊಟ್ಟ ಇದ್ದವು, ಬಣ್ಣ ತಪ್ಪಿದವು, ಕಾಲು ಅದಲುಬದಲಾದವು ಹುಡುಕಿ ತರುತ್ತಾಳೆ. ಅವಳು ನಾಲ್ಕು ಬಂಡ್ಯಾ ಆರಿಸಿ, ಒಂದೊಂದರ ಕಿವಿ ತಿರುಗಿಸಿ ನೋಡಿದಳು. ಆಮೇಲೆ ನೂರಿಪ್ಪತ್ತು ಬಹಳವಾಯಿತು, ತೊಂಬತ್ತಕ್ಕೆ ಕೊಡು ಎಂದು ಗೌರವ್ವನ ಜೊತೆ ಹತ್ತು ನಿಮಿಷ ಚೌಕಾಸಿ ಮಾಡಿ ನೂರಕ್ಕೆ ಇಳಿಸಿದಳು.

“ಕಿವ್ಯಾಗ ಏನ ನೋಡ್ತೀರಿ ಬಾಯಾರ?” ಎಂದು ಹೌಸಾಬಾಯಿ ಕೇಳಿದಳು.

“ಟೀ ಮಾರ್ಕ್ ರೀ. ಇದು ಇದ್ರ ಅಸಲಿ ಅಚ್ಚು. ಆಫಿಶಿಯಲ್ ಟೀ ಮಾರ್ಕಿಗೆ ಈಗ ಏಳು ಸಾವಿರ ಐತಿ.”

“ಎಷ್ಟ?”

“ಏಳು ಸಾವಿರ. ಕಂಪನಿ ಹೊಸಾ ಲಾಟಿಗೆ ಮಾರ್ಕ್ ಇಲ್ಲ, ಅದನ್ನ ಒಂಬೈನೂರಕ್ಕೂ ಯಾರೂ ಮುಟ್ಟವಲ್ರು. ಡಬ್ಬಿ ಸ್ಟಿಕರ್ ಎಲ್ಲಾ ಐತಿ, ಆದ್ರೂ ನಕಲಿ ಅಂತಾರ. ಇವಕ್ಕ ಮಾರ್ಕ್ ಐತಿ, ಡಬ್ಬಿ ಇಲ್ಲ. ಸಮ್ಮೇದ ಇವೂ ನಕಲಿ ಅಂತಾನ. ಅಂವನ ಕಡೆ ಮಾರ್ಕ್ ಇಲ್ಲದ ಡಬ್ಬಿ ಹನ್ನೊಂದ ಬಿದ್ದಾವು, ಅದಕ್ಕ ಹೊಟ್ಟಿ ಉರಿ.”

ಹೌಸಾಬಾಯಿ ಗೌರವ್ವನ ಕಡೆ ನೋಡಿದಳು. ಗೌರವ್ವ ಬಾಯಿಗೆ ಸೆರಗು ಹಿಡಿದಳು. ತಾನು ಪುಕ್ಕಟೆ ಇಟ್ಟ ಚುಕ್ಕಿಗೆ ಏಳು ಸಾವಿರ, ಕೂಲಿ ಹಿಡಿದು ಬರೆದ ಮುಖಕ್ಕೆ ಸೊನ್ನೆ.

“ಈ ಮಾರ್ಕ್ ಯಾರ ಇಟ್ಟಾರಂತ?”

“ಅದನ್ನ ತಿಳಕೊಳ್ಳಾಕ ಬರೂ ಐತವಾರ ಕಾರ್ಯಕ್ರಮ ಇಟ್ಟಾರ, ಸಮ್ಮೇದನ ಅಂಗಡಿ ಮಾಡಿ ಮ್ಯಾಲ. ಮಾಡಿದಾತನ್ನ ಕರಿಸಿ ಸತ್ಕಾರ ಮಾಡ್ತಾರ. ಇಚಲಕರಂಜಿಯವರು, ಧನಪಾಲ ಅಂತ.”

ಮೃಣಾಲ ಹೋದ ಮೇಲೆ ಗೌರವ್ವ ಅತ್ತಿಗೆಯ ಮುಖ ನೋಡಿ, “ಯಾಕ ವೈನಿ, ನಿನಗೂ ತೀಟಿ ಎದ್ದಂಗ ಕಾಣತೈತಿ,” ಎಂದಳು.

“ತುರಸ್ಕೊಂಡ ಬರ್ತೀನಿ,” ಎಂದಳು ಹೌಸಾಬಾಯಿ. “ಒಂದ ಗೊಂಬಿ ಕೊಡು.”

ಭಾನುವಾರ ಕೊಲ್ಲಾಪುರದ ಆ ಮಹಡಿಯಲ್ಲಿ ನಲವತ್ತು ಕುರ್ಚಿ, ಒಂದು ಮೈಕು. ಧನಪಾಲನ ತಲೆಗೆ ಗುಲಾಬಿ ಬಣ್ಣದ ಫೇಟಾ ಸುತ್ತಿದ್ದರು. ಹೆಗಲಿಗೆ ಶಾಲು, ಮಡಿಲಲ್ಲಿ ತೆಂಗಿನಕಾಯಿ. ಬಾಕಿದಾರನನ್ನು ಮದುಮಗನಂತೆ ಕೂರಿಸಿದ್ದನ್ನು ಹೌಸಾಬಾಯಿ ಬಾಗಿಲಲ್ಲಿ ನಿಂತು ಚೆನ್ನಾಗಿ ನೋಡಿದಳು. ಚಪ್ಪಲಿ ಬಿಟ್ಟು ಒಳಗೆ ಬಂದು ಕಡೆಯ ಸಾಲಿನಲ್ಲಿ ಕೂತಳು. ಕೈಚೀಲದಲ್ಲಿ ಗೌರವ್ವ ಕೊಟ್ಟ ಬಂಡ್ಯಾ, ಒಂದು ಬ್ರಷ್ಷು, ಕಪ್ಪು ಬಣ್ಣದ ಸಣ್ಣ ಡಬ್ಬಿ.

ಧನಪಾಲ ಮೈಕಿನ ಮುಂದೆ ಬೆವರುತ್ತಿದ್ದ. ಇಷ್ಟು ಹೊತ್ತಿಗೆ ಇವರ ಟೀ ಎಂದರೆ ಹೌಸಾಬಾಯಿಯ ತೀಟ ಎಂದು ಅವನಿಗೆ ತಿಳಿದಿತ್ತು. ತಿಳಿದಿದ್ದೂ ಫೇಟಾ ಸುತ್ತಿಸಿಕೊಂಡಿದ್ದ.

“ಟೀ ಅಂದ್ರ,” ಎಂದ, “ಅದು ಕ್ವಾಲಿಟಿದು ಒಂದ ಪ್ರಕಾರ. ಭಾಳ ಬಾರೀಕ ಕೆಲಸ. ಎಲ್ಲಾರಿಗೂ ಬರೂದಿಲ್ಲ.”

“ಯಾರಿಗೆ ಬರತೈತಿ ಅಣ್ಣಾ?” ಎಂದು ಹಿಂದಿನಿಂದ ಒಂದು ದನಿ.

ಧನಪಾಲನಿಗೆ ಆ ದನಿ ಗೊತ್ತಿತ್ತು. ತೆಂಗಿನಕಾಯಿ ಕೈಯಿಂದ ಜಾರಿ ಕುರ್ಚಿಯ ಕೆಳಗೆ ಉರುಳಿತು.

ಸಮ್ಮೇದ ಎದ್ದು ನಿಂತ. “ಮಾವಶಿ, ಪ್ರಶ್ನೆ ಕಡೀಕ ಐತಿ. ನೀವು ಯಾರ ಕಡಿಂದ ಬಂದೀರಿ?”

“ಗೊಂಬಿ ಕಡಿಂದ,” ಎನ್ನುತ್ತ ಹೌಸಾಬಾಯಿ ಚೀಲದಿಂದ ಬಂಡ್ಯಾನನ್ನು ತೆಗೆದಳು.

ಸಮ್ಮೇದ ಅದನ್ನು ಬೆರಳ ತುದಿಯಿಂದ ಹಿಡಿದು, ಪಾದ ನೋಡಿ ಹಿಂದಕ್ಕೆ ಕೊಟ್ಟ. “ಸ್ಟಿಕರ್ ಇಲ್ಲ. ಇದು ಅನ್‌ಆಫಿಶಿಯಲ್ ರೀ. ಇಲ್ಲಿ ಇಂಥಾವ ತರೂಹಂಗಿಲ್ಲ.”

ಅದೇ ಹೊತ್ತಿಗೆ ಸಮ್ಮೇದನ ತಾಯಿ ರತ್ನಮಾಲಾ ಚಹಾದ ಟ್ರೇ ಹಿಡಿದು ಬಂದಳು. ಹೌಸಾಬಾಯಿ ಗೊಂಬೆಯನ್ನು ಅವಳ ಮುಂದೆ ಹಿಡಿದು ಕಿವಿ ತಿರುಗಿಸಿದಳು.

“ಅವ್ವಾರ, ನೀವ ಹೇಳ್ರಿ. ಇದೇನ ಐತಿ?”

ರತ್ನಮಾಲಾ ಕಣ್ಣು ಕಿರಿದು ಮಾಡಿ ನೋಡಿದಳು. “ಏನೈತಿ? ತೀಟ ಐತಿ. ಕೂಸಿಗೆ ತೀಟ ಹಚ್ಯಾರ.” ಮಗನ ಕಡೆ ತಿರುಗಿದಳು. “ಯಾಕೋ ಸಮ್ಮೇದ, ಎರಡ ವರ್ಷದಿಂದ ಟೀ ಟೀ ಅಂತ ಬಡಕೊಳ್ಳಾಕತ್ತಿದ್ದಿ, ಇದಕ್ಕೇನು? ನನಗ ಒಂದಿನಾ ತೋರಿಸಿದ್ರ ಹೇಳತಿದ್ನಲ್ಲೋ. ನಿನಗ ಐದ ವರ್ಷ ತನಕ ಹಚ್ಚೇನಿ. ಅಲ್ಲೇ ಎಡಗಿವಿ ಹಿಂದ.”

ಇಂಜಿನಿಯರ್ ತನ್ನ ಅಳತೆಯ ಪಟ್ಟಿ ಕಿಸೆಗೆ ಹಾಕಿಕೊಂಡ. ಸಮ್ಮೇದನ ಕೈ ತಾನಾಗಿ ಎಡಗಿವಿಯ ಹಿಂದೆ ಹೋಗಿ ವಾಪಸ್ಸು ಬಂತು. ಮೊದಲು ನಕ್ಕವಳು ಮೃಣಾಲ, ಕುರ್ಚಿಯಿಂದ ಬೀಳುವಷ್ಟು ನಕ್ಕಳು.

“ಇಟ್ಟಾಕಿ ನಾನು,” ಎಂದಳು ಹೌಸಾಬಾಯಿ. “ಡಬ್ಬ್ಯಾಗಿಂದಕ್ಕೂ ನಾನ ಇಟ್ಟೇನಿ, ಗಾಡಿ ಮ್ಯಾಲಿಂದಕ್ಕೂ ನಾನ ಇಟ್ಟೇನಿ. ಒಂದ ಜಾಗಾದಾಗ ಕುಂತು, ಒಂದ ಬ್ರಷ್ ಹಿಡದು.”

“ಹಂಗ ಯಾರ ಬೇಕಾದ್ರೂ ಹೇಳಬಹುದು,” ಎಂದ ಸಮ್ಮೇದ.

“ಖರೆ. ಒಂದ ಗೊಂಬಿ ತರ್ರಿ ನಿಮ್ಮಾವು.”

ಮಾರ್ಕಿಲ್ಲದ ಹನ್ನೊಂದು ಡಬ್ಬಿಗಳಲ್ಲಿ ಒಂದನ್ನು ಸಮ್ಮೇದ ತಂದ. ಬಿಚ್ಚುವಾಗ ಹಲ್ಲು ಕೀಳಿಸಿಕೊಳ್ಳುವವನ ಮುಖ ಮಾಡಿದ. ಹೌಸಾಬಾಯಿ ಬ್ರಷ್ಷಿನ ಹಿಂಬದಿ ಅದ್ದಿ, ಉಸಿರು ಹಿಡಿದು, ಒಮ್ಮೆ ಮುಟ್ಟಿಸಿದಳು. ಪಕ್ಕದಲ್ಲಿ ಏಳು ಸಾವಿರದ್ದನ್ನು ಇಟ್ಟು ಹಲ್ಲಿನ ಕನ್ನಡಿಯಿಂದ ನೋಡಿದರು, ಟಾರ್ಚು ಹಾಕಿ ನೋಡಿದರು. ಕಿವಿಗೂ ಕಿವಿಗೂ ವ್ಯತ್ಯಾಸವಿರಲಿಲ್ಲ.

ಆಗ ಗುಂಪಿಗೆ ಎರಡು ಭಯ ಒಟ್ಟಿಗೆ ಹುಟ್ಟಿದವು. ಮಾರ್ಕಿಲ್ಲದ ಡಬ್ಬಿ ಇದ್ದವರು ತಮ್ಮದಕ್ಕೂ ಒಂದು ಇಟ್ಟುಕೊಡಿ ಎಂದು ಮುಂದೆ ಬಂದರು. ಮಾರ್ಕಿದ್ದವರು ಇಡಬೇಡಿ ಎಂದು ಅವರ ಮುಂದೆ ಬಂದರು. ಒಬ್ಬ ಸೆಲ್ಫಿ ತೆಗೆದ. ಒಬ್ಬ ಇವರಿಗೂ ಸತ್ಕಾರ ಆಗಬೇಕು ಎಂದ. ಧನಪಾಲನ ಹೆಗಲಿನ ಶಾಲನ್ನೇ ತೆಗೆದು ಹೌಸಾಬಾಯಿಗೆ ಹೊದಿಸಲು ಬಂದರು.

“ಶಾಲ ಎಷ್ಟಕ್ಕ ತಂದೀರಿ?” ಎಂದು ಅವಳು ಕೇಳಿದಳು.

“ಎಂಟನೂರ.”

“ಫೇಟಾ?”

“ಬಾಡಿಗಿದು. ಇನ್ನೂರ.”

“ಶಾಲ ಬ್ಯಾಡ, ಫೇಟಾ ಬ್ಯಾಡ. ನನ್ನ ಕೂಲಿ ಒಂಬತ್ತ ಸಾವಿರದ ಮುನ್ನೂರ ಅರವತ್ತ ಐತಿ, ಈ ಫೇಟಾದಾಗ ಇದ್ದಾರಲ್ಲ, ಇವರ ಕಡೆ. ಪುಡಿ ಮಾಡೇನಿ ಅಂದಾರ. ಪುಡಿ ಗಡಹಿಂಗ್ಲಜದಾಗ ನೂರಾ ಇಪ್ಪತ್ತಕ್ಕ ಮಾರಾಕತ್ತೇತಿ.”

ಎಲ್ಲರೂ ಧನಪಾಲನನ್ನು ನೋಡಿದರು. ಧನಪಾಲ ಕುರ್ಚಿಯ ಕೆಳಗೆ ತೆಂಗಿನಕಾಯಿ ಹುಡುಕುತ್ತಿದ್ದ. ಅಲ್ಲಿಂದಲೇ, “ಮುಂದಿನ ತಿಂಗಳ ಹೌಸಾಕ್ಕ,” ಎಂದ.

ಸಮ್ಮೇದ ಕೆಮ್ಮಿದ. “ಮಾವಶಿ, ಅದು ನಿಮ್ಮಿಬ್ಬರ ನಡುವಿನ ವ್ಯವಹಾರ. ನಾವು ಗೊಂಬಿ ತಗೊಂಡವರು ಅಷ್ಟ.”

ಒಂದು ಚುಕ್ಕಿಗೆ ಏಳು ಸಾವಿರ ಕೊಟ್ಟವರು ಚುಕ್ಕಿ ಇಟ್ಟ ಕೈಯ ವಿಷಯ ಬಂದಾಗ ಚಹಾದ ಕಪ್ಪಿನೊಳಗೆ ನೋಡತೊಡಗಿದರು. ಮೃಣಾಲ ಒಬ್ಬಳು ಎದ್ದು ಬಂದು ಐನೂರರ ನೋಟು ಚಾಚಿದಳು.

“ಇಟ್ಕೋರಿ.”

“ನಿಮ್ಮ ಹತ್ರ ಎಷ್ಟ ಗೊಂಬಿ ಅದಾವು ಡಬ್ಬಿ ಇಲ್ಲದ್ದು?”

“ನಾಕು. ನಿಮ್ಮ ಮುಂದ ತಗೊಂಡೇನಲ್ಲ.”

“ಹದಿನೆಂಟ ರೂಪಾಯಿ ಆತು.” ಹೌಸಾಬಾಯಿ ಸೊಂಟದ ಚೀಲ ಬಿಚ್ಚಿ, ರತ್ನಮಾಲಾಳ ಹತ್ತಿರ ನೋಟು ಮುರಿಸಿ, ನಾನೂರ ಎಂಬತ್ತೆರಡು ಎಣಿಸಿ ವಾಪಸ್ಸು ಕೊಟ್ಟಳು. “ಚೌಕಾಸಿ ಮಾಡಿ ಉಳಿಸಿದ್ದು ಎಂಬತ್ತ ಐತಿ, ಅದು ಗೌರಿದು. ಅದನ್ನ ಆಕೀಗೆ ಕೊಡ್ರಿ.”

ಮೃಣಾಲಳ ಮುಖ ಕೆಂಪಾಯಿತು. ಕೊಟ್ಟಳೋ ಇಲ್ಲವೋ ಗೌರವ್ವ ಹೇಳಿಲ್ಲ.

“ಈ ಹದಿನೆಂಟ ನಾ ಯಾರ ಕಡೆ ಇಸ್ಕೋಬೇಕು?” ಎಂದಳು ಮೃಣಾಲ.

“ಫೇಟಾದ ತುದಿ ಹಿಡದ ಕೇಳ್ರಿ.”

ಇಷ್ಟಕ್ಕೇ ಮುಗಿದಿದ್ದರೆ ಅದು ಹೌಸಾಬಾಯಿಯ ಜಾಯಮಾನವಲ್ಲ. ಮುಂದಿನ ಸಂತೆಯಿಂದ ಅವಳು ಗೌರವ್ವನ ಗಾಡಿಯ ಪಕ್ಕ ಒಂದು ಸ್ಟೂಲು ಹಾಕಿಕೊಂಡು ಕೂತಳು. ತನ್ನ ಕೈಯಿಂದಲೇ ಬೋರ್ಡು ಬರೆದು ತೂಗುಹಾಕಿದಳು, ಮೇಲೆ ಮರಾಠಿ, ಕೆಳಗೆ ಕನ್ನಡ: ‘ತೀಟ ಇಟ್ಟು ಕೊಡಲಾಗುವುದು. ಪುಕ್ಕಟೆ.’ ಯಾರು ಏನು ತಂದರೂ ಎಡಗಡೆಯಲ್ಲಿ ಒಂದು ಚುಕ್ಕಿ. ಗೊಂಬೆಗೆ ಇಟ್ಟಳು, ಊಟದ ಡಬ್ಬಿಗೆ ಇಟ್ಟಳು, ಕಬ್ಬಿನ ಟ್ರ್ಯಾಕ್ಟರಿನ ಹೆಡ್‌ಲೈಟಿನ ಹಿಂದೆ ಇಟ್ಟಳು. ಒಬ್ಬ ಕಂಡಕ್ಟರ್ ಟಿಕೆಟ್ ಮಷೀನು ಚಾಚಿದ, ಅದಕ್ಕೂ ಇಟ್ಟಳು. ಕೊಲ್ಲಾಪುರದಿಂದ ಮಾರ್ಕಿಲ್ಲದ ಡಬ್ಬಿಯವರು ಕದ್ದು ಬಂದು ಸಾಲಿನಲ್ಲಿ ನಿಂತರು. ಮೂರು ಸಂತೆ ಕಳೆಯುವಷ್ಟರಲ್ಲಿ ಟೀ ಮಾರ್ಕಿನ ಬೆಲೆ ಏಳು ಸಾವಿರದಿಂದ ಏಳುನೂರಕ್ಕೆ ಬಂತು.

ನಾಲ್ಕನೆಯ ಸಂತೆಗೆ ಸಮ್ಮೇದನೇ ಕಾರು ತೆಗೆದುಕೊಂಡು ಬಂದ. ಮೊದಲ ಸಲ ಅವನು ಡಬ್ಬಿ ಇಲ್ಲದ ಗೊಂಬೆಗಳ ಇಷ್ಟು ಹತ್ತಿರ ನಿಂತದ್ದು.

“ಹೌಸಾಕ್ಕ, ಸಾಕ ಮಾಡ್ರಿ. ನಿಮ್ಮ ಬಾಕಿ ಪೂರಾ ನಾನ ಕೊಡ್ತೀನಿ. ಬ್ರಷ್ ಇಳಸ್ರಿ.”

“ನಿಮ್ಮ ಹತ್ರ ನಂದೇನೂ ಬಾಕಿ ಇಲ್ರಿ. ನಿಮ್ಮ ಚುಕ್ಕಿ ಇದ್ದಾವು ಮೊದಲನೇ ಲಾಟಿನಾವು, ಕೂಲಿ ಮುಟ್ಟೇತಿ.”

“ಹಂಗಾದ್ರ ಬ್ರಷ್ ಇಳಸೂದಕ್ಕ ತಗೋರಿ.”

“ಕೆಲಸಾ ಮಾಡದ ಇದ್ದದ್ದಕ್ಕ ರೊಕ್ಕಾ ಇಸ್ಕೊಂಡ ರೂಢಿ ಇಲ್ಲ ನನಗ. ಅದು ನಿಮ್ಮ ಧನಪಾಲಣ್ಣಗ ಗೊತ್ತಿರಬೇಕು. ಅಂವಗ ಹೇಳ್ರಿ, ಕೂಲಿ ಕೊಟ್ಟ ದಿನ ಬ್ರಷ್ ಇಳೀತೈತಿ.”

ಗೌರವ್ವ ಬಲೂನು ಊದುವುದನ್ನು ನಿಲ್ಲಿಸಿ, “ಸಾಹುಕಾರ್ರ, ನಿಮ್ಮ ಕಿವಿಗೂ ಒಂದ ಇಡಸ್ಕೊಂಡ ಹೋಗ್ರಿ. ಆಫಿಶಿಯಲ್ ಆಗತೀರಿ,” ಎಂದಳು.

ಸಮ್ಮೇದ ಹೋಗಿ ಧನಪಾಲನಿಗೆ ಹೇಳಿದ. ಗುಂಪಿನವರೆಲ್ಲ ಹೇಳಿದರು. ದಿನಕ್ಕೆ ಹತ್ತು ಫೋನು.

ಧನಪಾಲ ಈಗ ಫೋನು ಎತ್ತುವುದಿಲ್ಲ. ಬಾಡಿಗೆಯ ಫೇಟಾ ಇನ್ನೂ ವಾಪಸ್ಸು ಕೊಟ್ಟಿಲ್ಲವೆಂದು ಅದರವನೂ ಅವನನ್ನು ಹುಡುಕುತ್ತಿದ್ದಾನೆ. ಗುಂಪಿನಲ್ಲಿ ಹೊಸ ನಿಯಮ ಬಂದಿದೆ: ತೀಟ ಇಲ್ಲದ್ದೇ ಅಸಲಿ ಆಫಿಶಿಯಲ್. ಸಮ್ಮೇದನ ಉಳಿದ ಹತ್ತು ಡಬ್ಬಿಗಳ ಬೆಲೆ ಏರುತ್ತಿದೆ. ಹೌಸಾಬಾಯಿ ಚುಕ್ಕಿ ಇಟ್ಟ ಹನ್ನೊಂದನೆಯದನ್ನು ರತ್ನಮಾಲಾ ಅಡುಗೆಮನೆಯ ಕಿಟಕಿಯಲ್ಲಿ ಇಟ್ಟುಕೊಂಡಿದ್ದಾಳೆ. ಬೆಲೆ ಹೇಗೆ ಬೇಕಾದರೂ ಏರಲಿ, ಇಳಿಯಲಿ. ನಾಲ್ಕೂವರೆ ಮಾತ್ರ ನಾಲ್ಕೂವರೆಯಾಗೇ ನಿಂತಿದೆ, ಬಾಕಿ.

ಎರಡು ಸಾವಿರದ ಎಂಬತ್ತರಲ್ಲಿ ಗೌರವ್ವನ ಗಾಡಿಗೆ ಬಂದವು ಮುನ್ನೂರು ಮಾತ್ರ. ಉಳಿದವನ್ನು ಗುಜರಿಯವನು ಗಡಿ ದಾಟಿಸಿ ನಿಪ್ಪಾಣಿ, ಬೆಳಗಾವಿ, ಹುಬ್ಬಳ್ಳಿಯ ಕಡೆ ಮಾರಿದ್ದಾನೆ. ಈ ಬರಹ ಓದುತ್ತಿರುವವರ ಮನೆಯಲ್ಲಿ ಒಂದಾದರೂ ಇರಲೇಬೇಕು. ಎದ್ದು ಹೋಗಿ ನೋಡಿ. ಟಿವಿಯ ಮೇಲೆ, ಶೋಕೇಸಿನಲ್ಲಿ, ಮಗುವಿನ ಹಾಸಿಗೆಯ ಕೆಳಗೆ. ಕೆಂಪು ಲಂಗೋಟಿ, ದೊಡ್ಡ ಮೀಸೆ. ಪಾದದ ಕೆಳಗೆ ಸ್ಟಿಕರ್ ಇಲ್ಲ ತಾನೆ? ಎಡಗಿವಿ ತಿರುಗಿಸಿ. ತೀಟ ಇದೆಯೇ? ಹಾಗಾದರೆ ಆ ಮುಖದ ಕೂಲಿ ಕೊಟ್ಟಿಲ್ಲ. ನಾಲ್ಕೂವರೆ ರೂಪಾಯಿ. ಧನಪಾಲನ ಕಡೆಯಿಂದ ಆಮೇಲೆ ನೀವು ವಸೂಲು ಮಾಡಿಕೊಳ್ಳಿ, ಮೊದಲು ಇದನ್ನು ಇಡಿ. ಗಡಹಿಂಗ್ಲಜ, ಎಸ್‌ಟಿ ಸ್ಟ್ಯಾಂಡಿನ ಎದುರು, ಗೌರವ್ವನ ಗಾಡಿ. ಎಂಟಾಣೆ ಈಗ ಯಾರೂ ತೆಗೆದುಕೊಳ್ಳುವುದಿಲ್ಲ ಎಂದು ನೆಪ ಹೇಳುವವರು ಪಕ್ಕದ ಮನೆಯವರ ಗೊಂಬೆಯನ್ನೂ ನೋಡಿ, ಎರಡಕ್ಕೆ ಒಂಬತ್ತು ತನ್ನಿ. ಯಾವಾಗ ಬರುತ್ತೀರಿ?